ಐದು ಮನೆಯ ಮಾತು

ಕೈಗೆ ಸಿಕ್ಕಿದ ಒಂದು ಚೂರು ಕಾಗದದ ಮೇಲೆ ಐದು ಮನೆಗಳನ್ನು ಸಾಲಾಗಿ ಗೀಚಿಕೊಳ್ಳಿ. ಚೌಕಾಬಾರದ ಮನೆಗಳಷ್ಟು ಅಚ್ಚುಕಟ್ಟಾಗಿ ಇರಬೇಕಾಗಿಲ್ಲ. ಒಂದೊಂದರಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ ಹಿಡಿದರೆ ಸಾಕು. ಎರಡನೆಯ ಮನೆಯಲ್ಲಿ ಐ ಬರೆಯಿರಿ, ಮೂರನೆಯದರಲ್ಲಿ ಜಿ, ನಾಲ್ಕನೆಯದರಲ್ಲಿ ಎಚ್, ಕೊನೆಯದರಲ್ಲಿ ಟಿ. ಮೊದಲನೆಯ ಮನೆ ಮಾತ್ರ ಖಾಲಿ. ನಾನು ಒಂದು ಪದವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಅದು ಯಾವುದು, ಹೇಳಿ ನೋಡೋಣ.

ಐದರಲ್ಲಿ ನಾಲ್ಕನ್ನು ಕೊಟ್ಟ ಮೇಲೆ ಇದೇನು ಮಹಾ ವಿದ್ಯೆ ಎನ್ನುತ್ತೀರಿ. ಬೆಳಕಿನ ‘ಲೈಟ್’ ಎಂದು ನಿಮ್ಮಲ್ಲಿ ಒಬ್ಬರು ಆಗಲೇ ಹೇಳಿರಬಹುದು. ರಾತ್ರಿಯ ‘ನೈಟ್’ ಏಕಾಗಬಾರದು ಎಂದು ಪಕ್ಕದಲ್ಲಿ ಕುಳಿತವರು ಕೇಳಿರಬಹುದು. ಸರಿ ಎನ್ನುವ ‘ರೈಟ್’, ಹೊಡೆದಾಟದ ‘ಫೈಟ್’, ಬಲದ ‘ಮೈಟ್’, ನೋಟದ ‘ಸೈಟ್’, ಬಿಗಿಯ ‘ಟೈಟ್’. (ನಾವು ಸಾಲ ಮಾಡಿ ಕೊಳ್ಳುವ ಸೈಟು ಬೇರೆ, ಅದಕ್ಕೆ ನಾಲ್ಕೇ ಅಕ್ಷರ.) ಏಳಾದವು. ಎಂಟನೆಯದು ‘ಏಯ್ಟ್’, ಸಾಕ್ಷಾತ್ ಎಂಟೇ! ಹಳೆಯ ಕಾವ್ಯಗಳಲ್ಲಿಯೂ ನಾವಿಕರ ಮಾತಿನಲ್ಲಿಯೂ ಸಿಗುವ ಇನ್ನೆರಡು ಮೂರನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ನಾಲ್ಕು ಅಕ್ಷರ ತಿಳಿದೂ ಪದ ತಿಳಿಯಲಿಲ್ಲ. ಇದರಿಂದ ಪಾರಾಗುವ ಉಪಾಯ ಒಂದುಂಟು. ಅದನ್ನು ಆಮೇಲೆ ಹೇಳುತ್ತೇನೆ.

ಈ ಐದು ಮನೆಯ ಆಟ ಕೆಲವು ವರ್ಷಗಳಿಂದ ಲೋಕಪ್ರಸಿದ್ಧವಾಗಿದೆ. ನಿಮ್ಮ ಮನೆಯ ಮಕ್ಕಳು ಫೋನಿನಲ್ಲಿ ಆಡುವುದನ್ನು ನೀವು ನೋಡಿರಬಹುದು. ಹೆಸರು ‘ವರ್ಡಲ್’. ದಿನಕ್ಕೆ ಒಂದು ಪದ. ಜಗತ್ತಿಗೆಲ್ಲ ಅದೇ ಪದ. ಆರು ಸಲ ಊಹಿಸಬಹುದು. ಊಹಿಸಿದ ಪದದಲ್ಲಿ ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಮನೆ ಹಸಿರಾಗುತ್ತದೆ. ಅಕ್ಷರ ಸರಿ, ಮನೆ ತಪ್ಪು ಎಂದಾದರೆ ಹಳದಿ. ಆ ಅಕ್ಷರವೇ ಇಲ್ಲದಿದ್ದರೆ ಬೂದಿಬಣ್ಣ. ನ್ಯೂಯಾರ್ಕಿನಲ್ಲಿದ್ದ ಜಾಷ್ ವಾರ್ಡಲ್ ಎಂಬ ಎಂಜಿನಿಯರು ತಮ್ಮ ಸಂಗಾತಿ ಪಲಕ್ ಷಾ ಅವರ ಸಂತೋಷಕ್ಕೆಂದು ಇದನ್ನು ಮಾಡಿದರು. 2021ರ ಅಕ್ಟೋಬರಿನಲ್ಲಿ ಹೊರಗಿನವರಿಗೂ ಆಟ ತೆರೆಯಿತು. ಆ ವರ್ಷದ ನವೆಂಬರ್ 1ರಂದು ಆಡಿದವರು 90 ಮಂದಿ. ಹೊಸ ವರ್ಷ ಹುಟ್ಟುವ ಹೊತ್ತಿಗೆ 3 ಲಕ್ಷ. 2022ರ ಜನವರಿ 31ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಆಟವನ್ನೇ ಕೊಂಡುಕೊಂಡಿತು.

ನನಗೆ ಸ್ವಾರಸ್ಯವೆನಿಸಿದ್ದು ಈ ಜನಜಂಗುಳಿಯಲ್ಲ. ಆಟ ಕಟ್ಟುವಾಗ ಎದುರಾದ ತೊಡಕು. ಇಂಗ್ಲಿಷಿನಲ್ಲಿ ಐದಕ್ಷರದ ಪದಗಳು ಸುಮಾರು 12,000 ಎಂದು ಅವರ ಪಟ್ಟಿ ಹೇಳಿತು. ಆದರೆ ಅವುಗಳಲ್ಲಿ ಬಹುಪಾಲು ಪದಗಳನ್ನು ಯಾರೂ ಕಂಡಿಲ್ಲ, ಕೇಳಿಲ್ಲ. ನಿಘಂಟಿನ ಅಟ್ಟದ ಮೇಲೆ ಧೂಳು ಹಿಡಿದು ಕುಳಿತವು. ಪಲಕ್ ಷಾ ಒಂದೊಂದನ್ನೂ ನೋಡಿ, ಇದು ಗೊತ್ತು, ಇದು ಗೊತ್ತಿಲ್ಲ, ಇದು ಗೊತ್ತಿರಬಹುದು ಎಂದು ಬೇರೆ ಮಾಡುತ್ತ ಹೋದರು. ಭತ್ತ ಕುಟ್ಟಿ ಮೊರದಲ್ಲಿ ಕೇರಿದ ಹಾಗೆ. ಕೇರಿ ಉಳಿದದ್ದು ಸುಮಾರು 2,500. ದೊಡ್ಡ ನಿಘಂಟಿನ ಭಾಷೆ ಬೇರೆ, ನಮ್ಮ ನಾಲಗೆಯ ಮೇಲಿನ ಭಾಷೆ ಬೇರೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ?

ಅಷ್ಟು ಕೇರಿದರೂ ಕಲ್ಲು ಉಳಿಯಿತು. 2022ರ ಜನವರಿಯಲ್ಲಿ ಒಂದು ದಿನದ ಪದ ‘ಫೇವರ್’. ಎಫ್-ಎ-ವಿ-ಓ-ಆರ್. ಇಂಗ್ಲೆಂಡಿನವರು ಸಿಟ್ಟಾದರು. ಅವರಿಗೂ, ಅವರಿಂದ ಕಲಿತ ನಮಗೂ ಆ ಪದದಲ್ಲಿ ಓ ಆದ ಮೇಲೆ ಒಂದು ಯು ಇರಬೇಕು. ಒಟ್ಟು ಆರು ಅಕ್ಷರ. ಆ ಯು ಬೇಡವೆಂದು ಅಮೆರಿಕೆಯಲ್ಲಿ ನೆಲೆಗೊಳಿಸಿದವರು ನೋವಾ ವೆಬ್‌ಸ್ಟರ್. ಅವರ ದೊಡ್ಡ ನಿಘಂಟು 1828ರದು. ಇಂಗ್ಲೆಂಡಿನವರು ಹಿಡಿದದ್ದು 1755ರ ಡಾಕ್ಟರ್ ಜಾನ್ಸನ್ನರ ನಿಘಂಟಿನ ದಾರಿ. ಅದೇ ವರ್ಷ ಮೇ 5ರ ಪದ ‘ಹೋಮರ್’. ಗ್ರೀಕ್ ಕವಿಯಲ್ಲ, ಅಮೆರಿಕೆಯ ಬೇಸ್‌ಬಾಲ್ ಆಟದ ಒಂದು ದೊಡ್ಡ ಹೊಡೆತ. ಇದೇನಪ್ಪ ಎಂದು ಉಳಿದ ಲೋಕವೆಲ್ಲ ನಿಘಂಟಿನ ಬಾಗಿಲು ತಟ್ಟಿತು. ಕೇಂಬ್ರಿಜ್ ನಿಘಂಟು ಆ ವರ್ಷಕ್ಕೆ ಅದನ್ನೇ ವರ್ಷದ ಪದವೆಂದು ಸಾರಿತು. ನಮ್ಮ ಮಗುವಿನ ಗತಿಯನ್ನೂ ಸ್ವಲ್ಪ ಯೋಚಿಸಿ. ಶಾಲೆಯ ಪುಸ್ತಕದಲ್ಲಿ ಯು ಬಿಟ್ಟರೆ ಮೇಷ್ಟರ ಕೆಂಪು ಶಾಯಿ. ಫೋನಿನಲ್ಲಿ ಯು ಹಾಕಿದರೆ ಎಷ್ಟೋ ವೇಳೆ ಅಲ್ಲಿಯೂ ಪದದ ಕೆಳಗೆ ಕೆಂಪು ಗೆರೆ.

ಇಲ್ಲಿಗೆ ನಾನು ಹೇಳಬೇಕೆಂದಿರುವ ಮಾತಿನ ಹತ್ತಿರಕ್ಕೆ ಬಂದೆವು. ಒಂದು ಪದಕ್ಕೆ ಎಷ್ಟು ಅಕ್ಷರ ಎಂಬ ಪ್ರಶ್ನೆ ಕನ್ನಡದಲ್ಲಿ ಕಿವಿಯ ಪ್ರಶ್ನೆ; ಇಂಗ್ಲಿಷಿನಲ್ಲಿ ಕಣ್ಣಿನ ಪ್ರಶ್ನೆ. ನಮ್ಮ ಪತ್ರಿಕೆಗಳ ಪದಬಂಧದಲ್ಲಿ ‘ಲಕ್ಷ್ಮಿ’ ಎಂಬ ಹೆಸರಿಗೆ ಎರಡೇ ಮನೆ ಸಾಕು. ಎರಡನೆಯ ಮನೆಯಲ್ಲಿ ಕಕಾರ, ಷಕಾರ, ಮಕಾರ, ಜೊತೆಗೆ ಇಕಾರ, ನಾಲ್ವರೂ ಕೂಡು ಕುಟುಂಬದ ಹಾಗೆ ಒಂದೇ ಸೂರಿನಡಿ ಇರುತ್ತಾರೆ. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಏಳು ಮನೆ ಬೇಕು. ಅಣ್ಣತಮ್ಮಂದಿರು ಪಾಲಾಗಿ ಬೇರೆ ಹೋದ ಹಾಗೆ. ಆದರೂ ನಮ್ಮ ಎರಡು ಮನೆಯಲ್ಲಿ ಇರುವವರೆಲ್ಲ ಬಾಯಿಬಿಟ್ಟು ಮಾತನಾಡುತ್ತಾರೆ. ಇಂಗ್ಲಿಷಿನ ಮನೆಗಳಲ್ಲಿ ಎಷ್ಟೋ ಮಂದಿ ಬಾಯಿ ಬಿಡುವುದೇ ಇಲ್ಲ. ಮೊದಲು ಬರೆದುಕೊಂಡ ಐದು ಮನೆಗಳನ್ನೇ ನೋಡಿ. ‘ನೈಟ್’ ಎನ್ನುವಾಗ ಜಿ ಎಲ್ಲಿ ಕೇಳಿಸಿತು? ಎಚ್ ಎಲ್ಲಿ ಹೋಯಿತು?

ಮಗು ಇದನ್ನು ಕೇಳುತ್ತದೆ. ಕೇಳುವುದು ಬುದ್ಧಿಯ ಲಕ್ಷಣ. ನಾವು ಹೇಳುವ ಉತ್ತರ ಏನು? “ಅದೆಲ್ಲ ಕೇಳಬೇಡ, ಹತ್ತು ಸಲ ಬರೆದು ಬಾಯಿಪಾಠ ಮಾಡು.” ಇಂಗ್ಲಿಷಿನ ಸ್ಪೆಲ್ಲಿಂಗಿಗೆ ತಲೆಯಿಲ್ಲ ಬುಡವಿಲ್ಲ ಎಂದು ನಗುವವರೂ ಉಂಟು. ಬುಡ ಇಲ್ಲದೆ ಇಲ್ಲ. ಇದೆ, ಮತ್ತು ಅದು ಒಂದು ಕಡೆ ನಮ್ಮ ಹಿತ್ತಿಲಿನವರೆಗೂ ಬಂದಿದೆ.

ಆ ಜಿ-ಎಚ್ ಒಂದು ಕಾಲದಲ್ಲಿ ಉಚ್ಚಾರವಾಗುತ್ತಿತ್ತು. ಗಂಟಲಿನಿಂದ ಉಜ್ಜಿ ಹೊರಡಿಸುವ ಒಂದು ಖಕಾರವೆನ್ನಿ. ಇಂಗ್ಲಿಷಿನ ದಾಯಾದಿಯಾದ ಜರ್ಮನಿನಲ್ಲಿ ಅದು ಇನ್ನೂ ಉಳಿದಿದೆ. ರಾತ್ರಿಗೆ ಅವರು ‘ನಾಖ್ಟ್’ ಎನ್ನುತ್ತಾರೆ. ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಸಂಸ್ಕೃತದಲ್ಲಿ ರಾತ್ರಿಗೆ ‘ನಕ್ತ’ ಎಂಬ ಹೆಸರುಂಟು. ರಾಕ್ಷಸರನ್ನು ‘ನಕ್ತಂಚರ’ ಎಂದು ಪುರಾಣ ವಾಚನದಲ್ಲಿ ನೀವು ಕೇಳಿದ್ದೀರಿ. ನೈಟ್, ನಾಖ್ಟ್, ನಕ್ತ, ಮೂರೂ ಒಂದೇ ತಾಯಿಬೇರಿನ ಮಕ್ಕಳು. ಇಂಗ್ಲಿಷಿನವರ ಬಾಯಲ್ಲಿ ಸತ್ತುಹೋದ ಜಿ-ಎಚ್ ನಮ್ಮ ನಕ್ತಂಚರನ ಕಕಾರದಲ್ಲಿ ಇಂದಿಗೂ ಬದುಕಿದೆ. ಆ ಎಂಟನೆಯ ‘ಏಯ್ಟ್’ ಕೂಡ ಹಾಗೆಯೇ. ನಮ್ಮ ‘ಅಷ್ಟ’ದಲ್ಲಿ ಷಕಾರ ನಿಂತಿರುವ ಜಾಗದಲ್ಲೇ ಅದರ ಜಿ-ಎಚ್ ನಿಂತಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ. ಅದಕ್ಕೆ ಸಾಕ್ಷಿ ಹುಡುಕಲು ದೊಡ್ಡ ಗ್ರಂಥಾಲಯ ಬೇಕಾಗಿಲ್ಲ. ಮಗುವಿನ ಕಾಪಿ ಪುಸ್ತಕ ಸಾಕು.

ಕೆ-ಎನ್ ಎಂದು ಮೊದಲಾಗುವ ಪದಗಳನ್ನು ತೆಗೆದುಕೊಳ್ಳಿ. ಐದು ಮನೆಗೆ ಹೊಂದುವ ‘ನೋನ್’: ಕೆ-ಎನ್-ಓ-ಡಬ್ಲ್ಯು-ಎನ್, ತಿಳಿದದ್ದು. ಕೆ ಅಲ್ಲಿ ಸುಮ್ಮನೆ ಕುಳಿತಿದೆ. ಹಿಂದೆ ಇಂಗ್ಲಿಷಿನವರು ಕಕಾರ ನಕಾರ ಎರಡನ್ನೂ ಕೂಡಿಸಿಯೇ ಹೇಳುತ್ತಿದ್ದರು. ನಮ್ಮ ‘ಜ್ಞಾನ’ದ ಒತ್ತಕ್ಷರ ಅದರ ಅಣ್ಣ. (ಅದನ್ನು ನಾವಾದರೂ ಬರೆದ ಹಾಗೆ ಹೇಳುತ್ತೇವೆಯೇ? ‘ಗ್ನಾನ’ ಎನ್ನುತ್ತೇವೆ. ಆದ್ದರಿಂದ ಬಹಳ ನಗುವುದು ಬೇಡ.) ಮಂಡಿಯೂರುವುದಕ್ಕೆ ‘ನೀಲ್’: ಕೆ-ಎನ್-ಇ-ಇ-ಎಲ್. ಇದರಲ್ಲಿರುವ ಮಂಡಿ ಸಂಸ್ಕೃತದ ‘ಜಾನು’. ಆಜಾನುಬಾಹು ಎಂದರೆ ಮಂಡಿ ಮುಟ್ಟುವಷ್ಟು ನೀಳವಾದ ತೋಳಿನವನಲ್ಲವೆ? ಆ ಜಕಾರವೇ ಈ ಬಾಯಿಲ್ಲದ ಕೆ.

ಎಲ್ಲ ಮೂಕ ಅಕ್ಷರಗಳಿಗೂ ಇಂಥ ಕುಲಗೋತ್ರ ಇದೆಯೆಂದು ತಿಳಿಯಬಾರದು. ಕೆಲವು ಬಲವಂತದ ಅತಿಥಿಗಳು. ಸಂಶಯಕ್ಕೆ ‘ಡೌಟ್’ ಎನ್ನುತ್ತೇವೆ: ಡಿ-ಓ-ಯು-ಬಿ-ಟಿ. ಅದರಲ್ಲಿರುವ ಬಿ ಎಂದೂ ಇಂಗ್ಲಿಷಿನವರ ನಾಲಗೆಯ ಮೇಲೆ ಇರಲಿಲ್ಲ. ಪದ ಬಂದದ್ದು ಫ್ರೆಂಚಿನಿಂದ, ಬಿ ಇಲ್ಲದೆಯೇ. ಮುಂದೆ ವಿದ್ವಾಂಸರು ಲ್ಯಾಟಿನ್ ಮೂಲದಲ್ಲಿ ಬಿ ಇರುವುದನ್ನು ಕಂಡು, ವಂಶದ ಗೌರವಕ್ಕೆಂದು ತಂದು ಕೂರಿಸಿದರು. ದೆವ್ವದ ‘ಘೋಸ್ಟ್’ ಇನ್ನೂ ವಿನೋದ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಎಚ್ ಇರಲಿಲ್ಲ. ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹೂಡಿದ. ಅದಕ್ಕೆ ಮೊದಲು ಅವನು ಕೆಲಸ ಮಾಡಿದ್ದು ಫ್ಲೆಮಿಷ್ ಮಾತನಾಡುವ ನಾಡಿನಲ್ಲಿ. ಆ ಭಾಷೆಯ ದೆವ್ವಕ್ಕೆ ಜಿ-ಎಚ್ ಇತ್ತು. ಅವನ ಅಚ್ಚುಮೊಳೆಗಳ ಜೊತೆಯಲ್ಲಿ ಅದು ಇಂಗ್ಲಿಷಿಗೂ ಬಂದು ಸೇರಿಕೊಂಡಿತು. ದೆವ್ವದ ಪದಕ್ಕೇ ದೆವ್ವ ಹಿಡಿಯಿತು.

ಈಗಿನ ಫೋನುಗಳಿಗೆ ಇನ್ನೊಂದು ವಿದ್ಯೆ ಗೊತ್ತು. ಐದಕ್ಷರದ ಪದ ಬೇಕು, ಇಂಥ ಮನೆಯಲ್ಲಿ ಇಂಥ ಅಕ್ಷರ ಇರಬೇಕು, ಇಂಥದು ಇರಬಾರದು ಎಂದರೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಉದ್ದನೆಯ ಪಟ್ಟಿ ಮುಂದಿಡುತ್ತವೆ. ಆಟದ ನಡುವೆ ಆ ಪಟ್ಟಿ ನೋಡುವುದು ನನಗೆ ಒಪ್ಪಿಗೆಯಿಲ್ಲ. ಊಟಕ್ಕೆ ಕುಳಿತು ಪಕ್ಕದವರಿಂದ ರುಚಿ ಕೇಳಿಕೊಂಡ ಹಾಗೆ. ಆಟ ಮುಗಿದ ಮೇಲೆ ನೋಡುವುದಾದರೆ ಪಟ್ಟಿಯಷ್ಟು ಒಳ್ಳೆಯ ಓದು ಬೇರೆ ಇಲ್ಲ.

ಕ್ಯೂ ಅಕ್ಷರದ ಪಟ್ಟಿಯನ್ನೇ ಓದಿ. ಕ್ಯೂ ಬಂದರೆ ಹಿಂದೆಯೇ ಯು ಬರಬೇಕೆಂದು ಶಾಲೆಯಲ್ಲಿ ಕಲಿತಿದ್ದೇವೆ. ರಾಣಿಯ ‘ಕ್ವೀನ್’, ಬೇಗದ ‘ಕ್ವಿಕ್’, ಎರಡೂ ಅಪ್ಪಟ ಇಂಗ್ಲಿಷ್ ಪದಗಳು. ಅವನ್ನು ಮೊದಲು ಸಿ-ಡಬ್ಲ್ಯು ಹಾಕಿಯೇ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಬಂದು ರಾಜ್ಯ ಗೆದ್ದರು. ಅವರ ಹಿಂದೆ ಬಂದ ಲಿಪಿಕಾರರ ಪದ್ಧತಿಯಿಂದ ಕ್ಯೂ-ಯು ನೆಲೆಯೂರಿತು. ಸೋತದ್ದು ರಾಜ ಮಾತ್ರವಲ್ಲ, ರಾಣಿಯ ಸ್ಪೆಲ್ಲಿಂಗೂ ಸೋತಿತು. ಈಗ ಫೋನಿಗೆ, ಕ್ಯೂ ಇರಲಿ, ಅದರ ಬೆನ್ನಿಗೆ ಯು ಬೇಡ ಎಂದು ಹೇಳಿ. ಪಟ್ಟಿ ಒಮ್ಮೆಲೆ ಕುಗ್ಗುತ್ತದೆ. ಉಳಿದವರು ಯಾರು ನೋಡಿ: ಫಕೀರ, ಬುರ್ಖಾ, ನಕಾಬು, ತಲಾಖು! ಇಂಗ್ಲಿಷ್ ನಿಘಂಟಿನ ಬಾಗಿಲು ತೆಗೆದರೆ ನಮ್ಮ ಪೇಟೆಬೀದಿಯೇ ಎದುರಾಯಿತು. ಅರಬ್ಬೀ ಭಾಷೆಯಲ್ಲಿ ನಾಲಗೆಯ ಬುಡದಿಂದ ಹೊರಡುವ ಒಂದು ಕಕಾರವುಂಟು. ಅದನ್ನು ಸಾಮಾನ್ಯ ಕಕಾರದಿಂದ ಬೇರೆ ಮಾಡಿ ತೋರಿಸಲು ಇಂಗ್ಲಿಷಿನವರು ಬರಿಯ ಕ್ಯೂ ಹಾಕಿದರು. ನಾವಾದರೋ ಒಂದು ಕಡೆ ಕ, ಒಂದು ಕಡೆ ಖ ಎಂದು ಹಾಕಿ ಕೈತೊಳೆದುಕೊಂಡಿದ್ದೇವೆ.

ಎ, ಇ, ಐ, ಓ, ಯು ಈ ಐದೂ ಇಲ್ಲದ ಐದಕ್ಷರದ ಪದಗಳನ್ನು ಕೇಳಿದರೆ ಮತ್ತೊಂದು ಊರು ತೆರೆಯುತ್ತದೆ. ನೆಲಮಾಳಿಗೆಯ ‘ಕ್ರಿಪ್ಟ್’, ಅಪ್ಸರೆಯಂಥ ‘ನಿಂಫ್’, ಕೊರೆದ ಚಿಹ್ನೆಯ ‘ಗ್ಲಿಫ್’. ಎಲ್ಲದರ ನಡುವೆಯೂ ವೈ. ಇವು ಗ್ರೀಕರ ಮನೆಯ ಪದಗಳು; ಆ ವೈ ಅವರ ಒಂದು ಸ್ವರದ ಗುರುತು.

ಅಕ್ಷರಗಳನ್ನು ಹೀಗೆ ಎಣಿಸಿ ನೋಡುವ ಚಟ ಹೊಸದೇನಲ್ಲ. ತಂತಿಯ ಕಟ್ಟು-ಕಡ ಸಂಕೇತ ರೂಪುಗೊಂಡಾಗ, ಮೋರ್ಸನ ಜೊತೆಗಾರ ಆಲ್‌ಫ್ರೆಡ್ ವೇಲ್ ಒಂದು ಅಚ್ಚುಕೂಟಕ್ಕೆ ಹೋಗಿ ಯಾವ ಗೂಡಿನಲ್ಲಿ ಎಷ್ಟು ಮೊಳೆ ಇಟ್ಟಿದ್ದಾರೆಂದು ಎಣಿಸಿದನೆಂದು ಹೇಳುತ್ತಾರೆ. ಹೆಚ್ಚು ಬಳಕೆಯ ಇ ಅಕ್ಷರಕ್ಕೆ ಒಂದೇ ಒಂದು ಚುಕ್ಕೆ. ಟಿ ಅಕ್ಷರಕ್ಕೆ ಒಂದೇ ಗೆರೆ. ಅಪರೂಪದ ಕ್ಯೂಗೆ ಮೂರು ಗೆರೆ, ಒಂದು ಚುಕ್ಕೆ. 2013ರ ಜುಲೈಯಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತಿತು. ಆದರೆ ಆ ಎಣಿಕೆ ನಿಂತಿಲ್ಲ. 1931ರಲ್ಲಿ, ಅಮೆರಿಕೆಯ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಆಲ್‌ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ ಪತ್ರಿಕೆಯ ಮುಖಪುಟವನ್ನು ಮುಂದಿಟ್ಟುಕೊಂಡು ಅಕ್ಷರ ಎಣಿಸಿದ. ಹೊಟ್ಟೆಗೆ ದಾರಿಯಿಲ್ಲದಾಗ ಎಣಿಸಿದ ಆ ಅಕ್ಷರಗಳೇ ಮುಂದೆ ‘ಸ್ಕ್ರ್ಯಾಬಲ್’ ಆಟವಾದವು. ಅದರ 100 ಬಿಲ್ಲೆಗಳಲ್ಲಿ ಇ ಹನ್ನೆರಡು, ಕ್ಯೂ ಒಂದೇ ಒಂದು. ಎಸ್ ಮಾತ್ರ ಬೇಕೆಂದೇ ನಾಲ್ಕಕ್ಕೆ ನಿಲ್ಲಿಸಿದ. ಎಲ್ಲದಕ್ಕೂ ಬಹುವಚನ ಅಂಟಿಸಿ ಗೆದ್ದುಬಿಡುತ್ತಾರೆ ಎಂಬ ಎಚ್ಚರಿಕೆ.

ಆಮೇಲೆ ಹೇಳುತ್ತೇನೆಂದ ಉಪಾಯಕ್ಕೆ ಈಗ ಬರೋಣ. ಎಂಟು ಪದ ಎದುರಿಗಿವೆ. ಒಂದೊಂದಾಗಿ ಊಹಿಸುತ್ತ ಹೋದರೆ ಆರು ಸಲದಲ್ಲಿ ಸೋಲಬಹುದು. ಆದ್ದರಿಂದ ಗೆಲ್ಲುವ ಆಸೆಯನ್ನು ಒಂದು ಸಲಕ್ಕೆ ಬಿಟ್ಟುಬಿಡಿ. ‘ಫಿಲ್ಮ್ಸ್’ ಎಂದು ಬರೆಯಿರಿ: ಎಫ್-ಐ-ಎಲ್-ಎಂ-ಎಸ್. ಉತ್ತರ ಅದಲ್ಲವೆಂದು ನಿಮಗೆ ಗೊತ್ತೇ ಇದೆ. ಆದರೆ ಫೈಟ್, ಲೈಟ್, ಮೈಟ್, ಸೈಟ್ ನಾಲ್ಕರ ಮೊದಲಕ್ಷರಗಳೂ ಒಂದೇ ಸಲಕ್ಕೆ ಪರೀಕ್ಷೆಯಾದವು. ಯಾವುದಕ್ಕೆ ಬಣ್ಣ ಬಂತೋ ಅದೇ ಉತ್ತರ. ಯಾವುದಕ್ಕೂ ಬರಲಿಲ್ಲವೆ? ‘ಎಂಟರ್’ ಎಂದು ಬರೆಯಿರಿ: ಇ-ಎನ್-ಟಿ-ಇ-ಆರ್. ಇ ಬೆಳಗಿದರೆ ಏಯ್ಟ್, ಎನ್ ಬೆಳಗಿದರೆ ನೈಟ್, ಆರ್ ಬೆಳಗಿದರೆ ರೈಟ್. ಮೂರೂ ಸುಮ್ಮನಿದ್ದರೆ ಟೈಟ್. ಎಂಟು ಬಾಗಿಲು, ಎರಡು ಬೀಗದ ಕೈ. ಹತ್ತು ವರ್ಷದ ಮಗು ಇದನ್ನು ತಾನಾಗಿ ಕಂಡುಹಿಡಿದರೆ ಲೆಕ್ಕದ ಮೇಷ್ಟರಿಗೆ ಹೇಳಿ, ಸಂತೋಷಪಡುತ್ತಾರೆ.

ಫೋನೇ ಇರಬೇಕೆಂದಿಲ್ಲ. ಒಬ್ಬರು ಪದ ನೆನೆಯಿರಿ, ಇನ್ನೊಬ್ಬರು ಸ್ಲೇಟಿನ ಮೇಲೆ ಊಹಿಸಲಿ. ಹಸಿರಿಗೆ ಒಂದು ಗೆರೆ, ಹಳದಿಗೆ ಒಂದು ಸೊನ್ನೆ ಹಾಕಿದರಾಯಿತು. ನಾಲ್ಕು ಮನೆ, ಆರು ಮನೆ ಎಂದು ಬದಲಾಯಿಸಿಕೊಳ್ಳಬಹುದು. ಕೇಳಿಸದ ಅಕ್ಷರವಿರುವ ಪದ ಕೊಟ್ಟವರು ಆ ಅಕ್ಷರ ಎಲ್ಲಿಂದ ಬಂತೆಂದು ಹೇಳಲೇಬೇಕು, ಇಲ್ಲವಾದರೆ ಆಟ ಅವರದಲ್ಲ ಎಂಬ ಒಂದು ನಿಯಮ ಸೇರಿಸಿ. ನಿಘಂಟು ತೆಗೆಯುವ ಕೆಲಸ ಆಗ ದೊಡ್ಡವರಿಗೂ ಬರುತ್ತದೆ.

ಹೊತ್ತಾಯಿತು. ಇಂದಿನ ರಾತ್ರಿಗೆ ಒಂದು ಪದವನ್ನು ನಿಮಗೇ ಬಿಟ್ಟುಹೋಗುತ್ತೇನೆ. ಇಂಗ್ಲಿಷಿನಲ್ಲಿ ಅದಕ್ಕೆ ಐದು ಮನೆ. ಮೊದಲನೆಯ ಅಕ್ಷರದ ಹೆಸರು ಹೇಳಿದರೆ ಪದವನ್ನೇ ಹೇಳಿದ ಹಾಗಾಯಿತು; ಉಳಿದ ನಾಲ್ಕೂ ಸ್ವರಗಳು, ಎರಡು ಎರಡು ಸಲ ಬಂದವು, ಒಂದಕ್ಕೂ ಬಾಯಿಲ್ಲ. ಒಬ್ಬರ ಹಿಂದೆ ಒಬ್ಬರು ಸುಮ್ಮನೆ ನಿಂತಿವೆ. ಪದ ಬಂದದ್ದು ಫ್ರೆಂಚಿನಿಂದ. ಅಲ್ಲಿ ಅದಕ್ಕೆ ಬಾಲವೆಂದು ಅರ್ಥ. ರೇಷನ್ ಅಂಗಡಿಯ ಮುಂದೆ, ಆಸ್ಪತ್ರೆಯ ಚೀಟಿಯ ಕಿಟಕಿಯ ಮುಂದೆ ನೀವೂ ಅದರಲ್ಲಿ ನಿಂತಿದ್ದೀರಿ. ಕನ್ನಡದ ಪದಬಂಧದಲ್ಲಿ ಅದಕ್ಕೆ ಒಂದೇ ಮನೆ ಸಾಕು.